ಮಂಡಿ ನೋವಿಗೆ ಸೈಕಲ್ ಸೀಟಿನ ಎತ್ತರ ಕಾರಣವೇ?

ಪ್ರಶ್ನೆ: ನನಗೆ 44 ವರ್ಷ. ಕೆಲವು ತಿಂಗಳ ಹಿಂದೆ ಗೇರ್ ಸೈಕಲ್ ಕೊಂಡು, ಬೆಳಿಗ್ಗೆ ಮೈಸೂರಿನ ಹೊರವಲಯದಲ್ಲಿ ಒಂದು ಗಂಟೆ ತುಳಿಯುತ್ತೇನೆ. ಕುಳಿತಾಗ ಎರಡೂ ಪಾದಗಳು ನೆಲಕ್ಕೆ ಪೂರ್ತಿ ಊರುವಂತೆ ಅಂಗಡಿಯವರು ಸೀಟು ಹೊಂದಿಸಿಕೊಟ್ಟಿದ್ದಾರೆ. ಈಗ ಮಂಡಿಚಿಪ್ಪಿನ ಸುತ್ತ ನೋವು, ಅಂಗೈಯಲ್ಲಿ ಜೋಮು. ಒತ್ತುತ್ತದೆಂದು ಸೀಟಿನ ಮೂತಿಯನ್ನು ಕೆಳಕ್ಕೆ ಬಾಗಿಸಿದ್ದೇನೆ. ಜೆಲ್ ಕವರ್ ಹಾಕಿಸಿದರೆ ಸರಿಹೋದೀತೆ?

ಉತ್ತರ: ಜೆಲ್ ಕವರ್‌ನ ಯೋಚನೆಯನ್ನು ಸದ್ಯಕ್ಕೆ ಬಿಡಿ. ಸೀಟಿನ ಎತ್ತರವನ್ನು ಪೆಡಲಿನಿಂದ ಅಳೆಯಬೇಕು. ನೆಲದಿಂದ ಅಳೆಯುವುದು ಕಲಿಯುವ ಮಕ್ಕಳಿಗಷ್ಟೇ ಸರಿ. ಸೀಟು ತಗ್ಗಿದ್ದರೆ ಪೆಡಲ್ ಮೇಲೆ ಬಂದಾಗಲೆಲ್ಲ ಮಂಡಿ ಅತಿಯಾಗಿ ಮಡಚಿಕೊಳ್ಳುತ್ತದೆ, ಆ ಸ್ಥಿತಿಯಲ್ಲೇ ಬಲ ಹಾಕಿ ತುಳಿಯುವುದರಿಂದ ಮಂಡಿಚಿಪ್ಪು ತೊಡೆಮೂಳೆಯನ್ನು ಬಿಗಿಯಾಗಿ ಒತ್ತುತ್ತದೆ. ನಿಮಿಷಕ್ಕೆ 70 ಸುತ್ತು ತುಳಿದರೂ ಗಂಟೆಯೊಂದರಲ್ಲಿ ಇದು 4,200 ಬಾರಿ ನಡೆಯುತ್ತದೆ.

ಸೈಕಲನ್ನು ಗೋಡೆಗೆ ಆನಿಸಿ, ದಿನವೂ ಹಾಕುವ ಶೂ ಧರಿಸಿ ಕುಳಿತು, ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಡಿ. ಸೊಂಟ ವಾಲದೆ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಸುಮಾರು 25ರಿಂದ 35 ಡಿಗ್ರಿ ಮಡಚಿರುತ್ತದೆ. ಲೆಕ್ಕ ಬೇಕೆನ್ನುವವರಿಗೆ, ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆ ಗೆದ್ದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಪ್ರಚಲಿತವಾದ ಸೂತ್ರವಿದೆ: ತೊಡೆಸಂದಿನಿಂದ ನೆಲದವರೆಗಿನ ಅಳತೆಯನ್ನು 0.883ರಿಂದ ಗುಣಿಸಿದರೆ, ಪೆಡಲ್ ತೋಳುಗಳು ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ದೂರ ಸಿಗುತ್ತದೆ. ಅಳತೆ 80 ಸೆಂ.ಮೀ. ಇದ್ದರೆ 70.6 ಸೆಂ.ಮೀ. ನನ್ನ ಮಟ್ಟಿಗೆ ಹಿಮ್ಮಡಿಯ ಪರೀಕ್ಷೆಯೇ ಹೆಚ್ಚು ನಂಬಿಕಸ್ತ, ಏಕೆಂದರೆ ಸೂತ್ರಕ್ಕೆ ನಿಮ್ಮ ಶೂ, ಪೆಡಲುಗಳ ದಪ್ಪ ಗೊತ್ತಿರುವುದಿಲ್ಲ.

ಒಂದೇ ದಿನ ಪೂರ್ತಿ ಏರಿಸದೆ, ಅರ್ಧ ಸೆಂಟಿಮೀಟರಿನಂತೆ ಏರಿಸಿ, ಪ್ರತಿ ಬದಲಾವಣೆಯ ನಂತರ ಕೆಲವು ದಿನ ತುಳಿದು ನೋಡಿ. ಸೀಟಿನ ಕಂಬಿಯ ಮೇಲೆ ಕೊರೆದಿರುವ ಕನಿಷ್ಠ ಮಟ್ಟದ ಗೆರೆ ಹೊರಗೆ ಕಾಣುವಷ್ಟು ಎತ್ತಬಾರದು. ಹಿಂದಿನಿಂದ ನೋಡುವವರಿಗೆ ನಿಮ್ಮ ಸೊಂಟ ಎಡಬಲಕ್ಕೆ ತೂಗಾಡಿದಂತೆ ಕಂಡರೆ, ಅಥವಾ ಮಂಡಿಯ ಹಿಂಭಾಗ ನೋಯತೊಡಗಿದರೆ, ಎತ್ತರ ಹೆಚ್ಚಾಗಿದೆ ಎಂದರ್ಥ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಜಾರಿ ಕಾಲೂರುವ ಅಭ್ಯಾಸ ಮಾಡಿಕೊಳ್ಳಿ.

ನಂತರದ್ದು ಹಿಂದು ಮುಂದಿನ ಹೊಂದಾಣಿಕೆ. ಪೆಡಲ್ ತೋಳುಗಳು ನೆಲಕ್ಕೆ ಸಮಾನಾಂತರವಾಗಿರುವಾಗ, ಮುಂದಿನ ಕಾಲಿನ ಮಂಡಿಚಿಪ್ಪಿನ ಕೆಳಗಿನ ಉಬ್ಬಿನಿಂದ ನಟ್ಟು ಕಟ್ಟಿದ ದಾರ ಇಳಿಬಿಟ್ಟರೆ ಅದು ಪೆಡಲಿನ ಅಚ್ಚಿನ ಮೇಲೆ ಹಾಯಬೇಕೆನ್ನುತ್ತಾರೆ. ಅದನ್ನು ನಿಯಮವೆಂದುಕೊಳ್ಳದೆ ಆರಂಭದ ಜಾಗವೆಂದು ಭಾವಿಸಿ. ಸೀಟನ್ನು ಹಿಂದಕ್ಕೆ ಸರಿಸಿದರೆ ಪೆಡಲಿನ ದೂರವೂ ಹೆಚ್ಚುವುದರಿಂದ ಎತ್ತರವನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಅಂಗೈ ಜೋಮಿಗೆ ನೀವು ಬಾಗಿಸಿರುವ ಮೂತಿಯೇ ಕಾರಣವಿರಬಹುದು. ಸೀಟು ಮುಂದಕ್ಕೆ ಇಳಿಜಾರಾದರೆ ದೇಹ ಜಾರುತ್ತದೆ, ಜಾರದಂತೆ ಕೈಗಳು ಹ್ಯಾಂಡಲಿಗೆ ಒತ್ತುಕೊಟ್ಟು ತಡೆಯುತ್ತವೆ, ಆ ಒತ್ತಡ ಅಂಗೈಯ ನರಗಳ ಮೇಲೆ ಬೀಳುತ್ತದೆ. ಸೀಟಿನ ಮೇಲೆ ಗಟ್ಟಿ ರಟ್ಟಿನ ಪುಸ್ತಕವಿಟ್ಟು, ಅದರ ಮೇಲೆ ರಸಮಟ್ಟ ಇಟ್ಟು ಸಮಮಾಡಿ, ಅಲೆನ್ ಕೀಯಿಂದ ಬೋಲ್ಟನ್ನು ಬಿಗಿಮಾಡಿ. ಎತ್ತರ ಸರಿಹೋದ ಮೇಲೂ ಮುಂಭಾಗ ಒತ್ತಿದರೆ ಒಂದೆರಡು ಡಿಗ್ರಿಯಷ್ಟು ಮಾತ್ರ ಇಳಿಸಿ. ಗುಪ್ತಾಂಗದ ಬಳಿ ಮರಗಟ್ಟುವಿಕೆ ಕಂಡರೆ ಸಹಿಸಿಕೊಂಡು ತುಳಿಯಬೇಡಿ. ಕೂರುವ ಮೂಳೆಗಳ ಅಂತರಕ್ಕೆ ತಕ್ಕ ಅಗಲದ, ನಡುವೆ ತೆರವಿರುವ ಸೀಟನ್ನು ಪ್ರಯತ್ನಿಸಿ.

ಈಗಾಗಲೇ ಮಂಡಿ ಊದಿಕೊಂಡಿದ್ದರೆ ಅಥವಾ ಸೈಕಲ್ ಬಿಟ್ಟ ದಿನಗಳಲ್ಲೂ ನೋವು ಉಳಿದರೆ ಮೊದಲು ಮೂಳೆ ವೈದ್ಯರನ್ನು ಕಾಣಿರಿ.