ಬಾಯಿಯ ಗುಳ್ಳೆಗೂ ಕರುಳಿಗೂ ಏನು ಸಂಬಂಧ?

ಪ್ರಶ್ನೆ: ನನಗೆ 34 ವರ್ಷ. ಮೂರು ವರ್ಷದಿಂದ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡಕರುಳಿನ ಉರಿಯೂತ, ಹುಣ್ಣು) ಇದೆ. ಹೊಟ್ಟೆ ಸರಿಯಾಯಿತು ಅಂತ ಆರು ತಿಂಗಳ ಹಿಂದೆ ಮಾತ್ರೆ ಬಿಟ್ಟೆ. ಈಗ ಒಸಡು, ತುಟಿಯ ಒಳಗೆಲ್ಲ ಸಣ್ಣ ಹಳದಿ ಗುಳ್ಳೆಗಳು. ಕಂಕುಳಲ್ಲೂ ಕೀವುಗುಳ್ಳೆ ಎದ್ದಿವೆ. ಬಿ ಕಾಂಪ್ಲೆಕ್ಸ್ ನುಂಗಿದರೂ ಕಡಿಮೆಯಾಗಿಲ್ಲ. ಮಕ್ಕಳಿಗೆ ಅಂಟುತ್ತದಾ ಅಂತ ಭಯ.

ಉತ್ತರ: ನಿಮ್ಮ ಪತ್ರ ಓದಿದಾಗ ಪಯೋಸ್ಟೊಮಟೈಟಿಸ್ ವೆಜಿಟಾನ್ಸ್ ಎಂಬ ಅಪರೂಪದ ಕಾಯಿಲೆಯ ಅನುಮಾನ ಬಂತು. ಅದೇ ಆಗಿದ್ದರೆ ಮಕ್ಕಳಿಗೆ ಅಂಟುವುದಿಲ್ಲ, ಧೈರ್ಯವಾಗಿರಿ. ಕೀವಿನ ಹಾಗೆ ಕಾಣುವುದು ಸೋಂಕಿನಿಂದ ಬಂದದ್ದಲ್ಲ. ನಮ್ಮದೇ ರಕ್ತದ ಬಿಳಿಕಣಗಳು ಅಲ್ಲಿ ಗುಂಪುಗೂಡಿರುತ್ತವೆ.

ಗುಳ್ಳೆ ಒಡೆದು ಒಂದಕ್ಕೊಂದು ಕೂಡಿಕೊಂಡಾಗ ಬಸವನಹುಳು ಹರಿದ ಜಾಡಿನಂತೆ ಕಾಣುತ್ತದೆ. ಇದು ಈ ಕಾಯಿಲೆಯ ಗುರುತು. ಎಷ್ಟೋ ಜನರಿಗೆ ನೋಡಲು ಭಯವಾಗುವಷ್ಟು ನೋವಿರುವುದಿಲ್ಲ. ಹಾಗಾಗಿ ಸುಮ್ನೆ ಬಾಯಿಹುಣ್ಣು ಅಂದುಕೊಂಡು ತಿಂಗಳುಗಟ್ಟಲೆ ಕಳೆಯುತ್ತಾರೆ. ಚರ್ಮದಲ್ಲಿ ಬಂದರೆ ಕಂಕುಳು, ತೊಡೆಸಂದು, ನೆತ್ತಿಯಲ್ಲಿ ಜಾಸ್ತಿ.

ಈ ಕಾಯಿಲೆ ಇರುವ ಹೆಚ್ಚಿನವರಿಗೆ ಕರುಳಿನ ಉರಿಯೂತವೂ ಇರುತ್ತದೆ. ಕ್ರೋನ್ಸ್ ಎಂಬ ಇನ್ನೊಂದು ಬಗೆಯ ಕರುಳಿನ ಉರಿಯೂತಕ್ಕಿಂತ ಅಲ್ಸರೇಟಿವ್ ಕೊಲೈಟಿಸ್ ಜೊತೆಗೇ ಇದರ ನಂಟು ಹೆಚ್ಚು. ಕರುಳು ಕೆರಳಿದಾಗ ಬಾಯಿಯೂ ಕೆರಳುವುದುಂಟು. ಭೇದಿ ಇಲ್ಲ ಅಂದ ಮಾತ್ರಕ್ಕೆ ಕರುಳು ತಣ್ಣಗಿದೆ ಅಂತ ಹೇಳಲಾಗದು. ನೀವು ಮಾತ್ರೆ ಬಿಟ್ಟದ್ದೇ ನನಗೆ ಚಿಂತೆಯ ವಿಷಯ.

ಬಾಯಿಂದ ಚೂರು ತೆಗೆದು ಬಯಾಪ್ಸಿ ಮಾಡಿಸಲೇಬೇಕು. ಪೆಂಫಿಗಸ್ ಎಂಬ ಇನ್ನೊಂದು ಕಾಯಿಲೆ ಹೆಚ್ಚುಕಡಿಮೆ ಹೀಗೇ ಕಾಣುತ್ತದೆ. ಅದನ್ನು ಬೇರ್ಪಡಿಸಲು ಆ ಚೂರಿನಲ್ಲಿ ಪ್ರತಿಕಾಯಗಳಿವೆಯೇ ಎಂದು ನೋಡುವ ಇಮ್ಯುನೊಫ್ಲೊರೆಸೆನ್ಸ್ ಪರೀಕ್ಷೆಯೂ ಬೇಕು. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿಕಣ ಏರಿದ್ದರೆ ಅದೂ ಪಯೋಸ್ಟೊಮಟೈಟಿಸ್‌ಗೆ ಒಂದು ಸುಳಿವು. ಲಿವರ್ ಪರೀಕ್ಷೆಯನ್ನೂ ಮಾಡಿಸಿ. ಕೊಲೈಟಿಸ್ ಇದ್ದವರಲ್ಲಿ ಕೆಲವರಿಗೆ ಪಿತ್ತನಾಳದ ತೊಂದರೆ ಇರುತ್ತದೆ.

ಚಿಕಿತ್ಸೆ ಇದೆ. ಸಾಮಾನ್ಯವಾಗಿ ಸ್ಟಿರಾಯ್ಡ್‌ನಿಂದ ಶುರು ಮಾಡುತ್ತಾರೆ. ಅದನ್ನು ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ. ಡ್ಯಾಪ್ಸೋನ್, ಅಜಥಯೋಪ್ರಿನ್, ಇನ್‌ಫ್ಲಿಕ್ಸಿಮ್ಯಾಬ್‌ನಂಥ ಔಷಧಗಳೂ ಇವೆ. ಡ್ಯಾಪ್ಸೋನ್ ಕೊಡುವ ಮೊದಲು ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಯುವ ಕಿಣ್ವ) ಪರೀಕ್ಷೆ ಆಗಬೇಕು. ಏನೇ ಕೊಟ್ಟರೂ ಕರುಳು ಹತೋಟಿಗೆ ಬರದೆ ಬಾಯಿ ಪೂರ್ತಿ ವಾಸಿಯಾಗುವುದು ಕಷ್ಟ.

ಈ ವಾರವೇ ಕರುಳಿನ ಡಾಕ್ಟರನ್ನು ಕಾಣಿ. ಹಳೆಯ ಕೊಲನೋಸ್ಕೋಪಿ ರಿಪೋರ್ಟ್ ಒಯ್ಯಿರಿ, ಮಾತ್ರೆ ಬಿಟ್ಟದ್ದನ್ನು ಮುಚ್ಚಿಡಬೇಡಿ. ಬಾಯಿ ತೆರೆದು ತೋರಿಸಿ, ಹೊಟ್ಟೆಯ ಡಾಕ್ಟರ್ ಹತ್ತಿರ ಬಾಯಿಯ ಮಾತೇಕೆ ಅಂತ ಸಂಕೋಚ ಬೇಡ. ಚರ್ಮದ ಡಾಕ್ಟರಿಗೂ ಅದೇ ಫೈಲ್ ತೋರಿಸಿ. ಅಲ್ಲಿಯವರೆಗೆ ಖಾರ, ಹುಳಿ ಕಡಿಮೆ ಮಾಡಿ. ಉರಿಯುತ್ತದೆ ಅಂತ ಹಲ್ಲುಜ್ಜುವುದನ್ನು ಬಿಡಬೇಡಿ, ಮೆತ್ತನೆಯ ಬ್ರಷ್ ಬಳಸಿ.