ಓದುಗರ ಪ್ರಶ್ನೆ: ಸ್ಮಿತ್ಸ್ ಹಾಡು, ಹರಿಯುವ ತಂತಿ

ಪ್ರಶ್ನೆ: ಬ್ರಿಟನ್ನಿನ ದಿ ಸ್ಮಿತ್ಸ್ ತಂಡದ ಹಾಡು ಕಲಿಯಾಕತ್ತೀವಿ. ರೆಕಾರ್ಡಿನ ಶ್ರುತಿಗೆ ಗಿಟಾರ್ ಏರಿಸಿದ್ರ ಸಣ್ಣ ತಂತಿ ಹರೀತದ. ಏನ್ ಮಾಡಬೇಕು?
– ಓದುಗರು, ವಿದ್ಯಾಗಿರಿ, ಧಾರವಾಡ

ಉತ್ತರ: ನಿಮ್ಮ ಕಿವಿ ಸರಿಯಾಗೇ ಇದೆ. ತಂಡದ ಗಿಟಾರ್ ವಾದಕ ಜಾನಿ ಮಾರ್ ಶುರುವಿನ ವರ್ಷಗಳಲ್ಲಿ ಆರೂ ತಂತಿಗಳನ್ನು ಎರಡು ಫ್ರೆಟ್‌ನಷ್ಟು ಏರಿಸಿಕೊಳ್ಳುತ್ತಿದ್ದರು. ಪೇಟಿಯಲ್ಲಿ ಹೇಳುವುದಾದರೆ ಬಿಳಿ 3 ಹೋಗಿ ಕರಿ 3. ಇದರಿಂದ ಎಳೆತ ಸುಮಾರು ಶೇ. 26 ಹೆಚ್ಚುತ್ತದೆ. ಆದರೂ ಹೊಸ ಉಕ್ಕಿನ ತಂತಿ ಇಷ್ಟಕ್ಕೆಲ್ಲ ಹರಿಯಬಾರದು. ಹರಿದ ತುಂಡು ಎಸೆಯದೆ, ಎಲ್ಲಿ ಹರಿದಿದೆ ನೋಡಿ. ಬ್ರಿಜ್ ಹತ್ತಿರವಾದರೆ ತಂತಿ ಕೂರುವ ಸ್ಯಾಡಲ್‌ನಲ್ಲಿ ಚೂಪು ಅಂಚಿದೆ. 1000 ನಂಬರಿನ ಮರಳು ಕಾಗದದಿಂದ ಮೆಲ್ಲಗೆ ಉಜ್ಜಿ. ತಲೆಯ ಕಡೆಯಾದರೆ ಅಲ್ಲಿ ತಂತಿ ಹಾಯುವ ಪಟ್ಟಿಯ, ಅಂದರೆ ನಟ್‌ನ, ಕಚ್ಚು ಬಿಗಿಯಾಗಿದೆ. ಪೆನ್ಸಿಲ್ ಸೀಸ ಸವರಿ. ನಡುವೆಯೇ ಹರಿದಿದ್ದರೆ ತುಕ್ಕು. ಮಳೆಗಾಲದ ಧಾರವಾಡದಲ್ಲಿ ಬೆವರು ಒರೆಸದೆ ಇಟ್ಟ ತಂತಿಗೆ ಅದು ಬೇಗ ಹಿಡಿಯುತ್ತದೆ.

ತೆಳು ತಂತಿ ಹಾಕಿದರೆ ಹರಿಯುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಎಳೆತದ ಜೊತೆ ತಂತಿಯ ದಪ್ಪವೂ ಇಳಿಯುವುದರಿಂದ ಹರಿಯುವ ಶ್ರುತಿ ಬದಲಾಗದು. ತೆಳು ತಂತಿಯಿಂದ ಗಿಟಾರಿನ ಕತ್ತು, ಬ್ರಿಜ್‌ಗೆ ಮಾತ್ರ ಹಾನಿ ತಪ್ಪುತ್ತದೆ: ಎಲೆಕ್ಟ್ರಿಕ್‌ಗೆ 10ರ ಬದಲು 9ರ ಸೆಟ್ (ಸಣ್ಣ ತಂತಿಯ ದಪ್ಪ, ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ) ಹಾಕಿ ಏರಿಸಿದರೆ ಎಳೆತ ಹೆಚ್ಚುಕಡಿಮೆ ಹಿಂದಿನಷ್ಟೇ ಇರುತ್ತದೆ. 12ರ ಸೆಟ್ ಹಾಕಿದ ಅಗ್ಗದ ಅಕೌಸ್ಟಿಕ್ ಅನ್ನು ಮಾತ್ರ ಏರಿಸಲೇಬೇಡಿ, ಬ್ರಿಜ್ ಕಿತ್ತು ಬರಬಹುದು. ಅದಕ್ಕೆ ಎರಡನೇ ಫ್ರೆಟ್‌ನ ಹಿಂದೆಯೇ ಕೇಪೋ (ಆರೂ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ. ಅತಿ ಬಿಗಿದರೆ ಶ್ರುತಿ ಏರುತ್ತದೆ, ಹಾಕಿದ ಮೇಲೆ ಮತ್ತೊಮ್ಮೆ ಟ್ಯೂನ್ ಮಾಡಿ.

ಪ್ರಶ್ನೆ: ಅಷ್ಟು ಹೆಸರಿದ್ದ ಸ್ಮಿತ್ಸ್ ತಂಡ ಐದೇ ವರ್ಷಕ್ಕೆ ಒಡೆದದ್ದೇಕೆ?
– ಓದುಗರು, ಬೆಟಗೇರಿ, ಗದಗ

ಉತ್ತರ: 1982ರಲ್ಲಿ ಮ್ಯಾಂಚೆಸ್ಟರಿನಲ್ಲಿ ಶುರುವಾದ ತಂಡ 1984ರಿಂದ 87ರೊಳಗೆ ನಾಲ್ಕು ಸ್ಟುಡಿಯೋ ಆಲ್ಬಮ್ ಮಾಡಿತು. ಮ್ಯಾನೇಜರ್ ಒಬ್ಬರೂ ನಿಲ್ಲಲಿಲ್ಲ, ದಣಿದ ಮಾರ್ 1987ರಲ್ಲಿ ಹೊರನಡೆದರು. ದುಡ್ಡಿನ ಜಗಳ ಬಯಲಿಗೆ ಬಂದದ್ದು ಆಮೇಲೆ. ಹಾಡುಗಾರ ಮೊರಿಸ್ಸಿ, ಮಾರ್ ತಲಾ ಶೇ. 40 ಇಟ್ಟುಕೊಂಡು, ಬೇಸ್ ವಾದಕ ಆಂಡಿ ರೂರ್ಕ್ ಮತ್ತು ಡ್ರಮ್ಮರ್ ಮೈಕ್ ಜಾಯ್ಸ್‌ಗೆ ತಲಾ 10 ಕೊಡುತ್ತಿದ್ದರು. ಜಾಯ್ಸ್ ಕೋರ್ಟಿಗೆ ಹೋದರು. 1996ರಲ್ಲಿ ಲಂಡನ್ ಹೈಕೋರ್ಟ್ ಅವರನ್ನು ಸಮಾನ ಪಾಲುದಾರರೆಂದು ಒಪ್ಪಿ ಕಾಲು ಪಾಲು ಕೊಡಿಸಿತು. ಹಾಡು ಕಟ್ಟಿದವರ ರಾಯಲ್ಟಿ ಇದರಲ್ಲಿ ಸೇರಲಿಲ್ಲ.

ನಮ್ಮಲ್ಲೂ 1932ರ ಪಾಲುದಾರಿಕೆ ಕಾಯ್ದೆಯ 13ನೇ ಕಲಮು ಹಾಗೇ ಹೇಳುತ್ತದೆ: ಬೇರೆ ಕರಾರಿಲ್ಲದಿದ್ದರೆ ಲಾಭದಲ್ಲಿ ಸಮಪಾಲು. ನಿಮ್ಮೂರ ಆರ್ಕೆಸ್ಟ್ರಾ ಮುಂಗಡ ಹಿಡಿಯುವ ಮೊದಲು ಯಾರಿಗೆ ಎಷ್ಟು, ಆಂಪ್ಲಿಫಯರ್ ಯಾರ ಹೆಸರಲ್ಲಿ, ಬಿಟ್ಟುಹೋದವರಿಗೆ ಎಷ್ಟು ಎಂದು ಬರೆದು ಎಲ್ಲರ ಸಹಿ ಹಾಕಿಸಿ.