ಗಡ್ಡ ಎಂದು ಬರೆದು ಗೀಟು ಎಳೆದೆ

ಹೆಸರು, ಬೀದಿ, ಹುಡುಗನ ಓದು, ಎಲ್ಲವನ್ನೂ ಬದಲಿಸಿದ್ದೇನೆ. ಬರೆಯಲು ತಾಯಿ, ಮಗ ಇಬ್ಬರೂ ಒಪ್ಪಿದ್ದಾರೆ. ಊರು ಮಾತ್ರ ಚಿಕ್ಕಮಗಳೂರೇ. ಅದನ್ನು ಬದಲಿಸಿದರೆ ಕಥೆಯೇ ಉಳಿಯುವುದಿಲ್ಲ.

ದತ್ತ ಜಯಂತಿಯ ವಾರ. ಊರ ತುಂಬ ಪೊಲೀಸ್ ವ್ಯಾನು. ನಾನು ಆಪ್ತಸಲಹೆಗಾರ್ತಿ. ಅಂಥ ದಿನಗಳಲ್ಲಿ ನನ್ನ ಬಳಿ ಬರುವವರು ಕಡಿಮೆ. ಜೈಬುನ್ನಿಸಾ ಬಂದರು. ಐವತ್ತರ ಆಸುಪಾಸು, ಮನೆಯಲ್ಲೇ ಹೊಲಿಗೆ ಕೆಲಸ. ಕುರ್ಚಿಯ ತುದಿಯಲ್ಲಿ ಕೂತು ಮೊದಲು ಕೇಳಿದ್ದು ಇದು: "ಮೇಡಂ, ಇಲ್ಲಿ ಹೇಳಿದ್ದು ಸ್ಟೇಷನ್‌ಗೆ ಹೋಗುತ್ತಾ?"

ಎಲ್ಲರಿಗೂ ಹೇಳುವುದನ್ನೇ ಹೇಳಿದೆ. ಹೋಗಲ್ಲ. ಆದರೆ ಯಾರ ಜೀವಕ್ಕಾದರೂ ಅಪಾಯ ಇದೆ ಅನ್ನಿಸಿದರೆ ನಾನು ಬಾಯಿ ಮುಚ್ಚಿಕೊಂಡು ಕೂರುವ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೂಡ ಗುಟ್ಟು ಕಾಯಬೇಕು ಅನ್ನುತ್ತಲೇ ಇಂಥದ್ದಕ್ಕೆ ವಿನಾಯಿತಿ ಕೊಟ್ಟಿದೆ. ಹಾಗೇನಾದರೂ ಬಂದರೆ ಮೊದಲು ನಿಮಗೇ ಹೇಳುತ್ತೇನೆ ಎಂದೆ. ಆಕೆ ಸ್ವಲ್ಪ ಹೊತ್ತು ಸೆರಗಿನ ಅಂಚು ನೋಡುತ್ತಾ ಕೂತರು. ಎದ್ದು ಹೋಗಲಿಲ್ಲ.

ಮಗ ಇಮ್ರಾನ್‌ಗೆ ಇಪ್ಪತ್ತು ವರ್ಷ. ಮೊದಲು ಶುಕ್ರವಾರದ ನಮಾಜಿಗೂ ಎಬ್ಬಿಸಿ ಕಳಿಸಬೇಕಿತ್ತಂತೆ. ಈಗ ಐದು ಹೊತ್ತೂ ತಪ್ಪಿಸಲ್ಲ. ಗಡ್ಡ ಬಿಟ್ಟಿದ್ದಾನೆ. ಪ್ಯಾಂಟನ್ನು ಕಣಕಾಲಿನಿಂದ ಮೇಲಕ್ಕೆ ಹಾಕುತ್ತಾನೆ. ಟಿವಿ ಕಡೆ ತಿರುಗಿಯೂ ನೋಡಲ್ಲ. ನಾನು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಳ್ಳುತ್ತಾ ಹೋದೆ. ಆಮೇಲೆ ಬರೆದದ್ದನ್ನೇ ನೋಡಿದೆ. ನಮ್ಮಜ್ಜಿ ಇದ್ದಕ್ಕಿದ್ದಂತೆ ಏಕಾದಶಿ ಉಪವಾಸ ಹಿಡಿದಾಗ ಯಾರೂ ಆಪ್ತಸಲಹೆಗಾರರನ್ನು ಹುಡುಕಿಕೊಂಡು ಹೋಗಿರಲಿಲ್ಲ. 'ಗಡ್ಡ' ಅನ್ನುವುದರ ಮೇಲೆ ಒಂದು ಗೀಟು ಎಳೆದು ಕೇಳಿದೆ, "ಇದರಲ್ಲಿ ನಿಮಗೆ ಭಯ ಆಗಿದ್ದು ಯಾವುದು?"

"ಇದ್ಯಾವುದೂ ಅಲ್ಲ ಮೇಡಂ. ನಮಾಜು ಮಾಡಿದ್ರೆ ಯಾವ ತಾಯಿ ಹೆದರ್ತಾಳೆ?"

ಗಂಡ ಪ್ರತಿ ವರ್ಷ ಬಾಬಾಬುಡನ್‌ಗಿರಿಯ ಉರುಸ್‌ಗೆ ಹೋಗುವವರು. ಗೋರಿಯ ಮುಂದೆ ತಲೆ ಬಾಗಿಸುವುದು ಶಿರ್ಕ್, ಅಂದರೆ ದೇವರಿಗೆ ಇನ್ನೊಬ್ಬರನ್ನು ಸಮ ಮಾಡುವ ಪಾಪ ಎಂದು ಮಗನ ತಕರಾರು. ಇದಕ್ಕೂ ನಾನು ಗಾಬರಿಯಾಗಲಿಲ್ಲ. ದರ್ಗಾಕ್ಕೆ ಹೋಗುವವರು ಮತ್ತು ಹೋಗಬಾರದು ಅನ್ನುವವರ ಜಗಳ ಬಹಳ ಹಳೆಯದು. ಎಷ್ಟೋ ಮನೆಗಳಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ. ದರ್ಗಾ ಬೇಡ ಅನ್ನುವ ಕಟ್ಟುನಿಟ್ಟಿನ ಜನ ಅಂಗಡಿ ನಡೆಸಿಕೊಂಡು, ಮಕ್ಕಳನ್ನು ಓದಿಸಿಕೊಂಡು ತಮ್ಮ ಪಾಡಿಗೆ ಇರುತ್ತಾರೆ. ಕಟ್ಟುನಿಟ್ಟು ಬೇರೆ, ಕೊಲೆಗೆ ಕಾರಣ ಹುಡುಕುವುದು ಬೇರೆ.

ಆಮೇಲೆ ಆಕೆ ದನಿ ತಗ್ಗಿಸಿದರು. "ಒಂದು ರಾತ್ರಿ ಅವನ ಅಬ್ಬಾಗೆ ಹೇಳಿದ, ನಿಮ್ಮಂಥವರ ರಕ್ತಕ್ಕೆ ಲೆಕ್ಕ ಇಲ್ಲ ಅಂತ. ಯಾರು ಹೇಳಿದ್ದು ಅಂದ್ರೆ ಫೋನ್ ಮಗುಚಿ ಇಟ್ಟ. ಮಸೀದಿ ಹಜರತ್‌ನ ಕೇಳು ಅಂದ್ರೆ, ಅವರೆಲ್ಲ ಮಾರಿಕೊಂಡವರು ಅಂದ."

ಈ ಎರಡು ಮಾತಿನ ಕೆಳಗೆ ಗೆರೆ ಎಳೆದೆ. ಅವನು ಧರ್ಮದ ಕಡೆಗೆ ಹೋಗಿರಲಿಲ್ಲ. ಧರ್ಮ ಕಲಿಸಬಲ್ಲ ಎಲ್ಲರಿಂದಲೂ ದೂರ ಹೋಗಿದ್ದ.

ಆಕೆಯ ಅಣ್ಣ ಯಾರಿಗೂ ಹೇಳಬೇಡ ಎಂದಿದ್ದರಂತೆ, ಇಡೀ ಬೀದಿಗೆ ಹೆಸರು ಬರುತ್ತೆ ಎಂದು. "ನನ್ನ ತವರು ಮೂಡಿಗೆರೆ ಮೇಡಂ. ಡಾಕ್ಟರ್ ಕಥೆ ಗೊತ್ತಲ್ವಾ?"

ಗೊತ್ತು. ಮೂಡಿಗೆರೆಯಲ್ಲಿ ಹುಟ್ಟಿದ ಡಾ. ಮೊಹಮ್ಮದ್ ಹನೀಫ್. 2007ರ ಜೂನ್ 30ರಂದು ಬ್ರಿಟನ್ನಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದವನು ಬೆಂಗಳೂರಿನ ಕಫೀಲ್ ಅಹ್ಮದ್. ಹನೀಫ್ ಅವನ ಸಂಬಂಧಿಕರು. ಇಂಗ್ಲೆಂಡ್ ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ಕಫೀಲನ ತಮ್ಮನಿಗೆ ಕೊಟ್ಟು ಹೋಗಿದ್ದರು. ಅದಕ್ಕೇ ಜುಲೈ 2ರಂದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಬಂಧನ. ಆರೋಪವೇ ಇಲ್ಲದೆ 12 ದಿನ ಇಟ್ಟುಕೊಂಡರು. ಸಿಮ್ ಆ ಜೀಪಿನಲ್ಲಿ ಸಿಕ್ಕಿತು ಎಂದು ಮೊದಲು ಹೇಳಿದ್ದೂ ಸುಳ್ಳಾಯಿತು. ತಿಂಗಳು ಮುಗಿಯುವ ಮೊದಲೇ ಪ್ರಕರಣ ಕೈಬಿಟ್ಟರು. ಮುಂದೆ ನಡೆದ ವಿಚಾರಣೆಯೂ ಅವರ ವಿರುದ್ಧ ಸಾಕ್ಷ್ಯವೇ ಇರಲಿಲ್ಲ ಎಂದಿತು. 2010ರಲ್ಲಿ ಪರಿಹಾರ ಸಿಕ್ಕಿತು. ಒಂದೇ ಬಳಗದಲ್ಲಿ ಒಬ್ಬ ಜೀಪಿಗೆ ಬೆಂಕಿ ಇಟ್ಟವನು, ಇನ್ನೊಬ್ಬರು ರೋಗಿಗಳನ್ನು ನೋಡಿಕೊಂಡಿದ್ದವರು. ಇವರನ್ನು ಬೇರೆ ಮಾಡಿ ನೋಡಲಾಗದ ತನಿಖೆ ಹೊರಗೆ ಏನು ಮಾಡಿತೋ, ಮೂಡಿಗೆರೆಯ ತಾಯಂದಿರ ಬಾಯಿಗಂತೂ ಬೀಗ ಹಾಕಿತು. 2014ರಲ್ಲಿ ಮುಂಬೈ ಬಳಿಯ ಕಲ್ಯಾಣದಿಂದ ನಾಲ್ವರು ಹುಡುಗರು ಐಸಿಸ್ ಉಗ್ರ ಸಂಘಟನೆ ಸೇರಲು ಇರಾಕಿಗೆ ಹೋದಾಗ ಮೊದಲು ಪೊಲೀಸರ ಬಳಿ ಓಡಿದ್ದು ಮನೆಯವರು. ಆ ಬಾಯಿಗೇ ಬೀಗ ಬಿದ್ದರೆ ಇನ್ನು ಯಾರು ಹೇಳಬೇಕು?

ಆಕೆಗೆ ನಾನು ಕೊಟ್ಟ ಸಲಹೆ ಸಣ್ಣದು. ಫೋನ್ ಕಿತ್ತುಕೊಳ್ಳಬೇಡಿ. ದರ್ಗಾದ ವಿಷಯದಲ್ಲಿ ಅಪ್ಪ ಮಗ ವಾದ ಮಾಡುವುದು ನಿಲ್ಲಲಿ. ರಾತ್ರಿ ಊಟ ಮಾತ್ರ ಒಟ್ಟಿಗೇ ಆಗಲಿ. ಅವನು ಇನ್ನೂ ಯಾರ ಮಾತು ಕೇಳುತ್ತಾನೆ? "ನಾನಾ" ಎಂದರು. ಆಕೆಯ ತಂದೆ, ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ರಿಟೈರ್ ಆದವರು. ಕೊಯ್ಲಿನ ಸಮಯ, ಕಣದಲ್ಲಿ ಆಳು ಸಾಲದು. ಹುಡುಗನನ್ನು ಅಲ್ಲಿಗೆ ಕಳಿಸಿ ಎಂದೆ.

ಇಮ್ರಾನ್ ನನ್ನ ಬಳಿ ಬಂದಿದ್ದು ಜನವರಿಯಲ್ಲಿ, ನಾನಾ ಜೊತೆ. ಮುಖ ನೋಡದೆ ಮಾತಾಡಿದ. ಬೆಂಗಳೂರಿನಲ್ಲಿ ರೂಮು ಹುಡುಕಿದ್ದನಂತೆ. ಮೂರು ಕಡೆ ಹೆಸರು ಕೇಳಿದ ಮೇಲೆ "ಈಗಷ್ಟೇ ಬೇರೆಯವರಿಗೆ ಕೊಟ್ವಿ" ಎಂದರಂತೆ. ಅವಮಾನ ನುಂಗಿಕೊಂಡು ಊರಿಗೆ ಬಂದು ಫೋನ್ ಹಿಡಿದು ಕೂತ. "ನಿನಗೆ ಆಗಿದ್ದು ನಮಗೆ ಗೊತ್ತು ತಮ್ಮಾ" ಎಂದು ಮೊದಲು ಹೇಳಿದವನು ಆ ಫೋನಿನೊಳಗಿನವನೇ. ಬೇರೆ ಯಾರೂ ಹೇಳಿರಲಿಲ್ಲ, ಮನೆಯವರಿಗೂ ಅವನು ತಿಳಿಸಿರಲಿಲ್ಲ. ಆ ನೋವು ಸುಳ್ಳಲ್ಲ ಎಂದು ನಾನು ಒಪ್ಪಿದೆ. ಆಗಲೇ ಅವನು ಮೊದಲ ಸಲ ತಲೆ ಎತ್ತಿದ್ದು.

ಧರ್ಮದ ಚರ್ಚೆ ನನ್ನ ಕೆಲಸವಲ್ಲ. ಅದನ್ನು ನಾನಾ ನೋಡಿಕೊಂಡರು. ಐಸಿಸ್ ನಾಯಕ ಬಗ್ದಾದಿಗೆ 2014ರಲ್ಲಿ 120ಕ್ಕೂ ಹೆಚ್ಚು ಮುಸ್ಲಿಂ ವಿದ್ವಾಂಸರು ಬರೆದ ಬಹಿರಂಗ ಪತ್ರ, ಅದೇ ರೀತಿ 2008ರಲ್ಲಿ ದೇವಬಂದ್ ಮದರಸಾದ ಧರ್ಮಪಂಡಿತರು ಭಯೋತ್ಪಾದನೆ ಇಸ್ಲಾಮಿಗೆ ವಿರುದ್ಧ ಎಂದದ್ದು, ಇವನ್ನು ಅವರಿಗೆ ಹುಡುಕಿ ಕೊಟ್ಟಿದ್ದು ಮಾತ್ರ ನಾನು. ಮುಂಬೈ ದಾಳಿಯಲ್ಲಿ ಸತ್ತ ಒಂಬತ್ತು ದಾಳಿಕೋರರನ್ನು ಹೂಳಲು ಅಲ್ಲಿನ ಬಡಾ ಕಬರಸ್ತಾನದವರು ಜಾಗ ಕೊಡಲಿಲ್ಲ ಎಂಬುದು ನಾನಾಗೆ ಮೊದಲೇ ಗೊತ್ತಿತ್ತು. ಒಬ್ಬ ಅಮಾಯಕನನ್ನು ಕೊಂದರೆ ಇಡೀ ಮನುಷ್ಯಕುಲವನ್ನೇ ಕೊಂದಂತೆ ಅನ್ನುವ ಕುರಾನಿನ ಮಾತನ್ನು ಅರಬ್ಬಿಯಲ್ಲಿ ಓದಿ ಅರ್ಥ ಹೇಳಿದರು. ಹುಡುಗ ಎಲ್ಲದಕ್ಕೂ ಒಂದೇ ಉತ್ತರ ಕೊಟ್ಟ: "ಅವರೆಲ್ಲ ಸರ್ಕಾರದವರು."

ನಿಜ ಹೇಳಬೇಕೆಂದರೆ ವಾದದಿಂದ ಏನೂ ಆಗಲಿಲ್ಲ. ನಾನಾ ಕಣದಲ್ಲಿ ಕಾಫಿ ಹರವುತ್ತಾ ಸುಮ್ನೆ ಕೇಳಿದ ಒಂದು ಪ್ರಶ್ನೆ ಜಾಸ್ತಿ ಕೆಲಸ ಮಾಡಿತು. "ಒಂದು ದಿನದ ಆಳನ್ನೂ ನಾನು ಊರು ಹೆಸರು ಕೇಳದೆ ತಗೊಂಡಿಲ್ಲ ಬೇಟಾ. ನಿನ್ನ ಉಸ್ತಾದ್ ಯಾವ ಊರವರು? ಯಾರ ಹತ್ರ ಓದಿದ್ದು?" ಅವನಿಗೆ ಗೊತ್ತಿರಲಿಲ್ಲ.

ಮೂರನೇ ಭೇಟಿಯಲ್ಲಿ ಅವನೇ ಬಾಯಿಬಿಟ್ಟ. ನಿನ್ನ ಹೆಸರಲ್ಲಿ ಒಂದು ಸಿಮ್ ತಗೊಂಡು, ಬರುವ ಒಟಿಪಿಯನ್ನು ಕಳಿಸು ಎಂದು ಫೋನಿನೊಳಗಿನವರು ಹೇಳಿದ್ದರಂತೆ. ದೀನಿನ, ಅಂದರೆ ಧರ್ಮದ ಕೆಲಸಕ್ಕೆ, ಯಾರಿಗೂ ಹೇಳಬೇಡ ಎಂದು. ಸಿಮ್ ತಂದಿದ್ದ. ಇನ್ನೂ ಕಳಿಸಿರಲಿಲ್ಲ. "ಮೂಡಿಗೆರೆ ಡಾಕ್ಟರಿಗೂ ಸಿಮ್ಮೇ ಅಲ್ವಾ ಮೇಡಂ" ಎಂದ. ಮನೆಯಲ್ಲಿ ಎಷ್ಟು ಸಲ ಆ ಕಥೆ ಕೇಳಿದ್ದನೋ.

ಮೊದಲ ದಿನ ತಾಯಿಗೆ ಹೇಳಿದ್ದ, ಗುಟ್ಟು ಕಾಯಲಾಗದ ಗೆರೆ ಇದೇ ಎಂದೆ. ಆಕೆಯನ್ನು ಕರೆಸಿ, ಎದುರಿಗೇ ಹೇಳಿದೆ. ಯಾವ ಮೆಸೇಜನ್ನೂ ಅಳಿಸಬೇಡ. ಆ ಫೋನಿನವನ ಜೊತೆ ಜಗಳಕ್ಕೂ ಇಳಿಯಬೇಡ, ಉತ್ತರವನ್ನೂ ಕೊಡಬೇಡ. ವಕೀಲರೊಬ್ಬರನ್ನು ಕರೆದುಕೊಂಡು, ನಾನಾ ಜೊತೆ, ನೀನೇ ದೊಡ್ಡ ಅಧಿಕಾರಿಯ ಬಳಿಗೆ ಹೋಗು. ಪೊಲೀಸರು ಹುಡುಕಿಕೊಂಡು ಬರುವುದಕ್ಕೂ ನೀನಾಗಿ ಹೋಗುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಎರಡು ರಾತ್ರಿ ಆ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲವಂತೆ. ನಾನೂ ಅಷ್ಟೇನೂ ಮಾಡಲಿಲ್ಲ. ಸಲಹೆ ತಪ್ಪಾದರೆ ಒಬ್ಬ ಹುಡುಗನ ಬದುಕು ಹೋಗುತ್ತೆ.

ಒಳಗೆ ನಡೆದದ್ದನ್ನು ನಾನಾ ಹೇಳಿದರು. ಬರೆದುಕೊಳ್ಳುತ್ತಿದ್ದ ಪೇದೆ ಮೊದಲು ಕೇಳಿದ್ದು, "ಯಾವ ಮಸೀದಿಗೆ ಹೋಗ್ತೀಯಾ?" ಅಧಿಕಾರಿ ತಡೆದರಂತೆ. "ಮಸೀದಿ ಬಿಡ್ರಿ. ಆ ನಂಬರ್ ಯಾವುದಪ್ಪಾ, ಅದು ಹೇಳು." ಎರಡು ಗಂಟೆ ಕೂರಿಸಿ, ಫೋನ್ ಇಟ್ಟುಕೊಂಡು ರಸೀದಿ ಕೊಟ್ಟು, ಮನೆಗೆ ಕಳಿಸಿದರು. ಎಲ್ಲರಿಗೂ ಇಂಥವರೇ ಸಿಗುತ್ತಾರೆ ಎಂದು ನಾನು ಹೇಳಲಾರೆ.

ಗಡ್ಡ ಹಾಗೇ ಇದೆ. ಐದು ಹೊತ್ತಿನ ನಮಾಜೂ ಇದೆ, ಈಗ ಬೀದಿಯ ಮಸೀದಿಯಲ್ಲೇ. ಹಜರತ್ ಜೊತೆ ಇನ್ನೂ ವಾದ ಮಾಡುತ್ತಾನಂತೆ. ಉರುಸ್ ಮುಗಿದ ಮಾರನೇ ದಿನ ಜೈಬುನ್ನಿಸಾ ಫೋನ್ ಮಾಡಿದರು. ಅಬ್ಬಾನನ್ನು ಬೈಕಿನಲ್ಲಿ ಗಿರಿಗೆ ಕರೆದುಕೊಂಡು ಹೋದವನು ಅವನೇ. ಒಳಗೆ ಹೋಗಲಿಲ್ಲ, ಹೊರಗೆ ಟೀ ಅಂಗಡಿಯಲ್ಲಿ ಕೂತಿದ್ದ. ಅಬ್ಬಾ ದರ್ಗಾದಿಂದ ತಂದು ಕೊಟ್ಟ ಸಕ್ಕರೆ ತಿಂದನಾ ಎಂದು ಕೇಳಿದೆ.

"ಎಲ್ಲಿ ತಿಂತಾನೆ ಮೇಡಂ! ಜೇಬಿಗೆ ಹಾಕ್ಕೊಂಡು ಬಂದಿದ್ದ, ಅಮ್ಮಿಗೆ ಅಂತ."